ಕರೆಂಟು ಮರಳುವ ದಾರಿ

ಬೆಳಗಾವಿಯ ಖಾನಾಪುರ ರಸ್ತೆಯಲ್ಲಿ ಉದ್ಯಮಬಾಗ ದಾಟಿದ್ದೆವು. ಹಿಂದಿನ ಸೀಟಿನಿಂದ ಅತ್ತಿ ಮುಂದಕ್ಕೆ ಬಾಗಿ, "ತಮ್ಮಾ, ಶ್ರುತಿ ಇಳದೈತಿ ನೋಡು" ಅಂದಳು. ಕ್ಯಾಂಪಿನ ಮನೆಯಲ್ಲಿ ಹತ್ತಾರು ವರ್ಷ ಮಕ್ಕಳಿಗೆ ಹಾರ್ಮೋನಿಯಂ ಹೇಳಿಕೊಟ್ಟ ಕಿವಿ ಅದು. ನನ್ನ 1998ರ ಮಾರುತಿ 800ರ ಡೆಕ್ಕಿನಲ್ಲಿ ಅಪ್ಪನ ಕಾಲದ ಕ್ಯಾಸೆಟ್ಟು ತಿರುಗುತ್ತಿತ್ತು. ನನಗೇನೂ ಗೊತ್ತಾಗಿರಲಿಲ್ಲ. ಮನೆಗೆ ಬಂದು ಹಾರ್ಮೋನಿಯಂ ಇಟ್ಟುಕೊಂಡು ನೋಡಿದರೆ ಅವಳು ಹೇಳಿದ್ದು ಸರಿ. ಕಪ್ಪು ಒಂದರಲ್ಲಿ ಹಾಡಿದವರು ಬಿಳಿ ಒಂದಕ್ಕೆ ಬಂದು ನಿಂತಿದ್ದರು.

ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. 1963ರಲ್ಲಿ ಫಿಲಿಪ್ಸ್ ಕಂಪನಿ ಈ ಪುಟ್ಟ ಕ್ಯಾಸೆಟ್ಟನ್ನು ಹೊರತಂದಾಗಿನಿಂದ ಜಗತ್ತಿಗೆಲ್ಲ ಅದೇ ಅಳತೆ. ಡೆಕ್ಕಿನೊಳಗೆ ಮೋಟರಿನಿಂದ ಗಾಲಿಗೆ ಓಟ ದಾಟಿಸುವುದು ಒಂದು ರಬ್ಬರ್ ಬೆಲ್ಟು. ವರ್ಷಗಳು ಕಳೆದಂತೆ ಅದು ಹಿಗ್ಗುತ್ತದೆ, ಜಾರುತ್ತದೆ, ಕೊನೆಗೆ ಡಾಂಬರಿನಂತೆ ಕರಗಿ ಕೈಗೆ ಅಂಟುತ್ತದೆ. ಓಟ 4.76ರಿಂದ 4.5ಕ್ಕೆ ಇಳಿದರೆ ಸಾಕು, ಹಾಡು ಹೆಚ್ಚೂ ಕಡಿಮೆ ಅರ್ಧ ಸ್ವರ ಕೆಳಗೆ ಬರುತ್ತದೆ. ಹಾರ್ಮೋನಿಯಂನ ಒಂದು ಬಿಳಿ ಮನೆಯಿಂದ ಮುಂದಿನ ಕರಿ ಮನೆಗೆ ಕಂಪನಗಳು ಹೆಚ್ಚುವುದು ಸುಮಾರು ನೂರಕ್ಕೆ 6ರಷ್ಟು ಮಾತ್ರ. ಬೆಲ್ಟು ಜಾರಿದ್ದೂ ಅಷ್ಟೇ.

ಹಳೆ ಡೆಕ್ಕು ತೆಗೆದು ಹೊಸದು ಹಾಕಬೇಕು, ಸ್ಪೀಕರುಗಳನ್ನೂ ಬದಲಿಸಬೇಕು, ಅದನ್ನು ನಾನೇ ಮಾಡಬೇಕು ಎಂದು ನಿಶ್ಚಯಿಸಿದೆ. ಲಕ್ಷ್ಮಣರಾವ ಕಿರ್ಲೋಸ್ಕರರು 1888ರಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟು ಮುಂದೆ ಒಂದು ಉದ್ಯಮವನ್ನೇ ಬೆಳೆಸಿದ ಊರು ನಮ್ಮದು. ಉದ್ಯಮಬಾಗದ ಲೇಥುಗಳ ಸದ್ದು ಕೇಳುತ್ತ ಬೆಳೆದವರಿಗೆ ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿಯಲು ಬೇರೆ ಧೈರ್ಯ ಬೇಕಾಗುವುದಿಲ್ಲ. ಡೆಕ್ಕಿನ ಅಳತೆಯೂ ಅನುಕೂಲವಾಗಿಯೇ ಇದೆ. 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರದ ಗೂಡನ್ನು ಜರ್ಮನಿಯವರು ಮಾನಕವಾಗಿ ಗೊತ್ತುಮಾಡಿದರು, ಉಳಿದ ಜಗತ್ತು ಒಪ್ಪಿಕೊಂಡಿತು. ಹಾಗಾಗಿ ಇಪ್ಪತ್ತು ವರ್ಷದ ಹಿಂದಿನ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಇವತ್ತು ಅಂಗಡಿಗೆ ಬಂದ ಡೆಕ್ಕು ಕೂರುತ್ತದೆ.

ಮೊದಲ ಕೆಲಸ ಬ್ಯಾಟರಿಯ ಕರಿ ವೈರು, ಅಂದರೆ ಮೈನಸ್ಸು, ಬಿಚ್ಚುವುದು. ಯಾವ ಮಿಸ್ತ್ರಿಯನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಯಾಕೆ ಮೈನಸ್ಸೇ ಮೊದಲು? ಕಾರಿನ ತಗಡಿನ ಮೈ ಪೂರ್ತಿ ಬ್ಯಾಟರಿಯ ಮೈನಸ್ಸಿಗೆ ಸೇರಿಕೊಂಡಿರುತ್ತದೆ. ಪ್ಲಸ್ಸಿನ ನಟ್ಟಿಗೆ ಪಾನಾ ಹಾಕಿದಾಗ ಅದರ ಇನ್ನೊಂದು ತುದಿ ಬಾನೆಟ್ಟಿನ ಅಂಚಿಗೆ ತಗುಲಿದರೆ ಬ್ಯಾಟರಿಯ ಎರಡೂ ತುದಿಗಳನ್ನು ಕಬ್ಬಿಣದಿಂದ ಜೋಡಿಸಿದಂತೆ. ನೂರಾರು ಆಂಪಿಯರ್ ಕರೆಂಟು ಪಾನಾದೊಳಗೇ ಹರಿದು ಕಿಡಿ ಸಿಡಿಯುತ್ತದೆ. ಮೈನಸ್ಸಿನ ನಟ್ಟು ಬಿಚ್ಚುವಾಗ ಪಾನಾ ಮೈಗೆ ತಗುಲಿದರೆ ಏನೂ ಆಗುವುದಿಲ್ಲ, ಎರಡೂ ಮೊದಲೇ ಒಂದೇ. ಅದನ್ನು ಕಳಚಿದ ಮೇಲೆ ಕರೆಂಟಿಗೆ ಮರಳುವ ದಾರಿಯೇ ಇಲ್ಲ. ದಾರಿ ಇಲ್ಲದೆ ಅದು ಹೊರಡುವುದೂ ಇಲ್ಲ.

ಈ ಮರಳುವ ದಾರಿಯ ಮಾತನ್ನು ಇಲ್ಲಿ ಸ್ವಲ್ಪ ಹಿಡಿದು ನಿಲ್ಲಬೇಕು. ಹಳೆ ಕಾರಿನಲ್ಲಿ ಸ್ಟೀರಿಯೊ ಹಾಕುವವರು ಪಡುವ ಪಾಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿಂದಲೇ ಹುಟ್ಟುತ್ತದೆ ಎಂದು ನನಗೆ ಅನುಭವದಿಂದ ಗೊತ್ತಾಗಿದೆ. ಮನೆಯ ಬಲ್ಬಿಗೆ ಎರಡು ವೈರು ಬರುತ್ತವೆ. ಕಾರಿನ ಬಲ್ಬಿಗೆ ಎಷ್ಟೋ ಕಡೆ ಒಂದೇ. ಕರೆಂಟು ಒಂದು ವೈರಿನಲ್ಲಿ ಹೋಗುತ್ತದೆ, ತಗಡಿನ ಮೈಯೊಳಗೆ ನಡೆದು ವಾಪಸು ಬರುತ್ತದೆ. ತಾಮ್ರ ಉಳಿಸಲು ಮಾಡಿದ ಜಾಣ ಏರ್ಪಾಡು ಅದು. ಆದರೆ ದೀಪ, ವೈಪರ್, ಹಾರ್ನ್, ಸ್ಟೀರಿಯೊ ಎಲ್ಲವೂ ಒಂದೇ ದಾರಿಯಲ್ಲಿ ಮನೆಗೆ ಮರಳಬೇಕಾಗುತ್ತದೆ.

ಹೊಸ ಡೆಕ್ಕು ಕೂರಿಸಿ, ಡಿಕ್ಕಿಯಲ್ಲೊಂದು ಸಣ್ಣ ಆಂಪ್ಲಿಫೈಯರ್ ಇಟ್ಟು, ಎರಡರ ನಡುವೆ ಆರ್‌ಸಿಎ ಕೇಬಲ್ ಎಳೆದು, ಒಂದು ಭಾನುವಾರ ಸಂಜೆ ಕ್ಯಾಂಪಿನ ಮಳೆಮರಗಳ ಕೆಳಗೆ ಗಾಡಿ ತೆಗೆದೆ. ಎಂಜಿನ್ ಬಂದ್ ಇದ್ದಾಗ ದನಿ ಚೆನ್ನಾಗಿತ್ತು. ಶುರುಮಾಡಿದ ಕೂಡಲೇ ಹಾಡಿನ ಹಿಂದೆ ಒಂದು ಸೀಟಿ ಕೇಳಿಸಿತು. ಆಕ್ಸಿಲರೇಟರ್ ಒತ್ತಿದಂತೆ ಅದು ಮೇಲೇರಿತು, ಬಿಟ್ಟಂತೆ ಇಳಿಯಿತು. ಮೀಂಡ್ ಎಳೆದಂತೆ.

ಸೀಟಿಯ ಮೂಲ ಆಲ್ಟರ್ನೇಟರ್. ಅದರೊಳಗೆ ಅಯಸ್ಕಾಂತ ತಿರುಗಿ ಮೂರು ಸುರುಳಿಗಳಲ್ಲಿ ಏರಿಳಿಯುವ ಕರೆಂಟು ಹುಟ್ಟಿಸುತ್ತದೆ. ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ತಿರುಗಿಸುತ್ತವೆ. ಆದರೆ ಪೂರ್ತಿ ನುಣುಪಾಗುವುದಿಲ್ಲ, ಮೇಲೆ ಸಣ್ಣ ಅಲೆಗಳು ಉಳಿಯುತ್ತವೆ. ಸಾಮಾನ್ಯ ಆಲ್ಟರ್ನೇಟರಿನಲ್ಲಿ 12 ಧ್ರುವಗಳಿರುತ್ತವೆ, ಒಂದು ಸುತ್ತಿಗೆ 36 ಅಲೆ. ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದು, ಬೆಲ್ಟಿನಿಂದಾಗಿ ಆಲ್ಟರ್ನೇಟರ್ ಅದರ ಎರಡರಷ್ಟು ವೇಗದಲ್ಲಿದ್ದರೆ ಸೆಕೆಂಡಿಗೆ 960 ಅಲೆ. ಎಂಜಿನ್ 3000ಕ್ಕೆ ಏರಿದರೆ 3600. ಹೆಚ್ಚೂ ಕಡಿಮೆ ಎರಡು ಸಪ್ತಕದ ಓಟ. ಮನುಷ್ಯನ ಕಿವಿ ಅತಿ ಚುರುಕಾಗಿರುವುದು ಸೆಕೆಂಡಿಗೆ 2000ದಿಂದ 4000 ಕಂಪನಗಳ ನಡುವೆ. ಸೀಟಿ ಏರಿ ಹೋಗಿ ಕೂರುವುದೂ ಅಲ್ಲೇ.

ಅಲೆ ಹುಟ್ಟುವುದು ಸರಿ, ಹಾಡಿನೊಳಗೆ ಹೇಗೆ ಬಂತು? ಡೆಕ್ಕಿನ ಅರ್ಥನ್ನು, ಅಂದರೆ ಕರೆಂಟು ಮರಳುವ ಮೈನಸ್ ವೈರನ್ನು, ನಾನು ಡ್ಯಾಶ್‌ಬೋರ್ಡಿನ ಹಿಂದಿನ ಒಂದು ಸ್ಕ್ರೂಗೆ ಕಟ್ಟಿದ್ದೆ, ಆಂಪ್ಲಿಫೈಯರಿನದನ್ನು ಡಿಕ್ಕಿಯ ಇನ್ನೊಂದು ಸ್ಕ್ರೂಗೆ. ಎರಡೂ ಒಂದೇ ತಗಡು ಎಂದುಕೊಂಡಿದ್ದೆ. ಆದರೆ ಆ ತಗಡಿನಲ್ಲಿ ಎರಡು ದಶಕಗಳ ತುಕ್ಕು, ಬಣ್ಣ, ವೆಲ್ಡಿನ ಬೆಸುಗೆಗಳು ಇವೆ. ದಾರಿಯಲ್ಲಿ ಒಂದು ಓಮಿನ ನೂರರಲ್ಲಿ ಐದು ಭಾಗ ಪ್ರತಿರೋಧ ಇದ್ದರೂ, ಹೆಡ್‌ಲೈಟುಗಳ 9 ಆಂಪಿಯರ್ ಅಲ್ಲಿ ಹರಿದಾಗ ಸುಮಾರು ಅರ್ಧ ವೋಲ್ಟ್ ಏರುಪೇರಾಗುತ್ತದೆ. ಮೀಟರ್ ಹಿಡಿದು ನೋಡಿದೆ. ಎರಡು ಅರ್ಥುಗಳ ನಡುವೆ ಹತ್ತಾರು ಮಿಲಿವೋಲ್ಟ್ ಸಿಕ್ಕವು, ಆಕ್ಸಿಲರೇಟರ್ ಜೊತೆ ಕುಣಿಯುತ್ತಿದ್ದವು. ಆರ್‌ಸಿಎ ಕೇಬಲ್ಲಿನ ಹೊರಗವಸು ಎರಡೂ ತುದಿಯಲ್ಲಿ ಅರ್ಥಿಗೆ ಸೇರಿರುವುದರಿಂದ, ತಗಡಿನಲ್ಲಿ ಅಡ್ಡಿಯಾದ ಕರೆಂಟಿನ ಒಂದು ಪಾಲು ಅದರೊಳಗೆ ನುಗ್ಗಿ ಮರಳುತ್ತಿತ್ತು. ಕೇಬಲ್ಲಿನಲ್ಲಿ ಹಾಡಿನದ್ದೇ ಒಂದೆರಡು ವೋಲ್ಟ್. ಆಂಪ್ಲಿಫೈಯರಿಗೆ ಹಾಡು ಯಾವುದು ಆಲ್ಟರ್ನೇಟರ್ ಯಾವುದು ಎಂದು ತಿಳಿಯುವ ಬಗೆಯಿಲ್ಲ. ಎರಡನ್ನೂ ಹಿಗ್ಗಿಸಿ ಕೊಟ್ಟಿತು.

ಅಂಗಡಿಯಲ್ಲಿ ಸೀಟಿ ತಡೆಯುವ ಫಿಲ್ಟರ್ ಸಿಗುತ್ತದೆ. ಅದನ್ನು ಕೊಳ್ಳುವ ಮೊದಲು ಅರ್ಥನ್ನು ನೋಡಬೇಕು. ಡಿಕ್ಕಿಯ ಸ್ಕ್ರೂ ಸುತ್ತಲಿನ ಬಣ್ಣವನ್ನು ಸ್ಯಾಂಡ್‌ಪೇಪರಿನಿಂದ ಬಿಳಿ ತಗಡು ಹೊಳೆಯುವವರೆಗೆ ಉಜ್ಜಿದೆ. ದಪ್ಪ ವೈರಿಗೆ ಲಗ್ ಒತ್ತಿ ಬಿಗಿದೆ. ಮಳೆಗಾಲದಲ್ಲಿ ತುಕ್ಕು ಹಿಡಿಯದಿರಲೆಂದು ಮೇಲೆ ಗ್ರೀಸ್ ಸವರಿದೆ. ಡೆಕ್ಕಿನ ಅರ್ಥನ್ನೂ ವೈರೆಳೆದು ಅದೇ ಜಾಗಕ್ಕೆ ತಂದೆ. ಸೀಟಿ ಹೋಯಿತು. ಖರ್ಚಾದದ್ದು ಒಂದು ಹಾಳೆ ಸ್ಯಾಂಡ್‌ಪೇಪರ್ ಮತ್ತು ಕೆಲವು ಮೀಟರ್ ವೈರು.

ವೈರಿನ ದಪ್ಪದ ವಿಷಯದಲ್ಲಿ ಜನ ಕೈ ಬಿಗಿ ಹಿಡಿಯುತ್ತಾರೆ. ಮನೆಯ 230 ವೋಲ್ಟಿನಲ್ಲಿ 10 ಆಂಪಿಯರ್ ಎಂದರೆ 2300 ವ್ಯಾಟ್, ನೀರು ಕಾಯಿಸುವ ಗೀಸರಿನಷ್ಟು. ಕಾರಿನ 12 ವೋಲ್ಟಿನಲ್ಲಿ ಅದೇ 10 ಆಂಪಿಯರ್ ಬರೀ 120 ವ್ಯಾಟ್. ವೈರು ಬಿಸಿಯಾಗುವುದು ಆಂಪಿಯರ್ ನೋಡಿ. ಆದ್ದರಿಂದ ಸಣ್ಣ ಆಂಪ್ಲಿಫೈಯರಿಗೂ ಗೀಸರಿನ ವೈರೇ ಬೇಕು. ಬ್ಯಾಟರಿಯ ಬುಡದಲ್ಲೇ ಒಂದು ಫ್ಯೂಸ್ ಇರಬೇಕು. ಆಂಪ್ಲಿಫೈಯರಿನ ಹತ್ತಿರ ಇಟ್ಟ ಫ್ಯೂಸ್ ಆಂಪ್ಲಿಫೈಯರನ್ನು ಕಾಯುತ್ತದೆ. ಬಾನೆಟ್ಟಿನಿಂದ ಡಿಕ್ಕಿಯವರೆಗಿನ ವೈರು ಎಲ್ಲೋ ತಗಡಿನ ಅಂಚಿಗೆ ಉಜ್ಜಿ ಸಿಪ್ಪೆ ಬಿಟ್ಟರೆ ಅದನ್ನು ಕಾಯಲು ಬ್ಯಾಟರಿಯ ಕಡೆಯ ಫ್ಯೂಸೇ ಬೇಕು.

ಡೆಕ್ಕಿನ ಹಿಂದಿನ ಕಪ್ಲರಿನಿಂದ ಬಣ್ಣಬಣ್ಣದ ವೈರುಗಳು ಹೊರಡುತ್ತವೆ. ಹಳದಿ ಸದಾ ಬ್ಯಾಟರಿಗೆ, ಗಡಿಯಾರ ಮತ್ತು ಸ್ಟೇಷನ್ನುಗಳ ನೆನಪಿಗೆ. ಕೆಂಪು ಕೀಲಿ ತಿರುಗಿಸಿದಾಗ ಮಾತ್ರ ಜೀವ ಬರುವ ವೈರಿಗೆ. ಮೊದಲ ಸಲ ಕೀಲಿಯ ವೈರು ಹುಡುಕಲು ಬೇಸರವಾಗಿ ಎರಡನ್ನೂ ಕೂಡಿಸಿ ಬ್ಯಾಟರಿಗೇ ಕೊಟ್ಟಿದ್ದೆ. ಡೆಕ್ಕು ಪೂರ್ತಿ ನಿದ್ದೆ ಹೋಗಲೇ ಇಲ್ಲ. ಅರ್ಧ ಆಂಪಿಯರ್ ಸೋರಿದರೂ 35 ಆಂಪಿಯರ್-ಗಂಟೆಯ ಬ್ಯಾಟರಿ 70 ಗಂಟೆಯಲ್ಲಿ ಖಾಲಿ. ಮೂರನೆಯ ದಿನ ಬೆಳಿಗ್ಗೆ ಸ್ಟಾರ್ಟರ್ ಟಕ್ ಎಂದು ಸುಮ್ಮನಾಯಿತು. ಆ ಬ್ಯಾಟರಿ ಮತ್ತೆ ಮೊದಲಿನಂತಾಗಲೇ ಇಲ್ಲ. ಸೀಸದ ಬ್ಯಾಟರಿಗಳಿಗೆ ಪೂರ್ತಿ ಬರಿದಾಗುವುದು ದೊಡ್ಡ ಪೆಟ್ಟು.

ಇನ್ನು ಡಬ್ಬಿಯ ಮೇಲಿನ ಬರಹ. "50 ವ್ಯಾಟ್ × 4" ಎಂದು ಅಲ್ಲಿ ದೊಡ್ಡ ಅಕ್ಷರದಲ್ಲಿರುತ್ತದೆ. ಈ 50 ಎಲ್ಲಿಂದ ಬಂತು? ಎಂಜಿನ್ ಓಡುವಾಗ ಕಾರಿನ ವೋಲ್ಟೇಜು ಹೆಚ್ಚೆಂದರೆ 14.4. ಸ್ಪೀಕರಿನ ತಡೆ 4 ಓಮ್. 14.4ನ್ನು ಅದರಿಂದಲೇ ಗುಣಿಸಿ 4ರಿಂದ ಭಾಗಿಸಿದರೆ 51.84. ಅಂದರೆ ಬ್ಯಾಟರಿಯನ್ನೇ ನೇರ ಸ್ಪೀಕರಿಗೆ ಜೋಡಿಸಿದರೆ ಹರಿಯುವ ಶಕ್ತಿ! ಹಾಡು ಹಾಗಿರುವುದಿಲ್ಲ. ಅದು ಅಲೆಯಾಗಿ ಏರಿಳಿಯಬೇಕು, ಶುದ್ಧ ಅಲೆಗೆ ಸಿಗುವುದು ಅದರ ಅರ್ಧ, ಸುಮಾರು 26. ಟ್ರಾನ್ಸಿಸ್ಟರುಗಳು ತಮ್ಮ ಪಾಲು ಇಟ್ಟುಕೊಂಡ ಮೇಲೆ ಒಡಕಿಲ್ಲದ ದನಿಗೆ ಉಳಿಯುವುದು 20ರ ಆಸುಪಾಸು. ಡೆಕ್ಕು ಅಗ್ಗದ್ದಾಗಲಿ ದುಬಾರಿಯದಾಗಲಿ, 12 ವೋಲ್ಟಿನ ಗಾಡಿಯಲ್ಲಿ ಓಮನ ನಿಯಮ ಇದಕ್ಕಿಂತ ಮುಂದೆ ಬಿಡುವುದಿಲ್ಲ. ಬೇರೆ ಆಂಪ್ಲಿಫೈಯರ್ ಹೆಚ್ಚು ಕೊಡುತ್ತದೆ ಎಂದರೆ ಅದರೊಳಗೆ 12 ವೋಲ್ಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ತುಂಡರಿಸಿ, ಟ್ರಾನ್ಸ್‌ಫಾರ್ಮರಿನಿಂದ ಮೇಲೆತ್ತುವ ಏರ್ಪಾಡು ಇರುತ್ತದೆ.

ಆದರೂ ನನ್ನ ಸಲಹೆ ಕೇಳಿದರೆ, ವ್ಯಾಟಿನ ಹಿಂದೆ ಬೀಳಬೇಡಿ. ಶಕ್ತಿ ಎರಡರಷ್ಟಾದರೆ ದನಿ 3 ಡೆಸಿಬಲ್ ಏರುತ್ತದೆ, ಕಿವಿಗೆ ಅದು ಸ್ವಲ್ಪ ಜಾಸ್ತಿ ಎನಿಸುತ್ತದೆ ಅಷ್ಟೆ. ಎರಡು ಪಟ್ಟು ಜೋರು ಎನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಸ್ಪೀಕರಿನ ಡಬ್ಬಿಯಲ್ಲಿ ಸಣ್ಣ ಅಕ್ಷರದಲ್ಲಿ ಸೂಕ್ಷ್ಮತೆಯ ಅಂಕಿಯೊಂದು ಇರುತ್ತದೆ, 88 ಡೆಸಿಬಲ್, 91 ಡೆಸಿಬಲ್ ಎಂದು. 91ರ ಸ್ಪೀಕರ್ ಆರಿಸಿಕೊಂಡರೆ 20 ವ್ಯಾಟಿನ ಡೆಕ್ಕು 40ರ ಕೆಲಸ ಮಾಡುತ್ತದೆ.

ಸ್ಪೀಕರಿನ ವೈರಿನಲ್ಲಿ ಹಳೆ ಗಾಡಿಗಳವರಿಗೆ ಒಂದು ಗುಂಡಿ ಕಾದಿದೆ. ಹಿಂದಿನ ಕಾಲದ ಕೆಲವು ಡೆಕ್ಕುಗಳಲ್ಲಿ ಎಡ ಬಲ ಸ್ಪೀಕರುಗಳ ಮೈನಸ್ಸು ಒಂದೇ ವೈರು, ಅದೂ ಕಾರಿನ ಮೈಗೆ ಸೇರಿದ್ದು. ಈಗಿನ ಡೆಕ್ಕುಗಳು ಸ್ಪೀಕರನ್ನು ಎರಡೂ ಕಡೆಯಿಂದ ಹಿಡಿದು ನೂಕುತ್ತವೆ, ಎಳೆಯುತ್ತವೆ. ಗರಗಸವನ್ನು ಇಬ್ಬರು ಹಿಡಿದು ಮರ ಕೊಯ್ದ ಹಾಗೆ. ಒಂದು ಕಡೆ ಏರುವಾಗ ಇನ್ನೊಂದು ಇಳಿಯುತ್ತದೆ, ಸುಮ್ಮನಿರುವಾಗಲೂ ಎರಡೂ ವೈರುಗಳಲ್ಲಿ ಬ್ಯಾಟರಿಯ ಅರ್ಧ, ಸುಮಾರು 7 ವೋಲ್ಟ್ ನಿಂತಿರುತ್ತದೆ. ಇಲ್ಲಿ ಮೈನಸ್ ಎನ್ನುವುದು ಹೆಸರಿಗೆ ಮಾತ್ರ. ಅದನ್ನು ಹಳೆ ವೈರಿನ ಮೂಲಕ ಮೈಗೆ ಮುಟ್ಟಿಸಿದರೆ ಡೆಕ್ಕು ತನ್ನನ್ನು ಕಾಪಾಡಿಕೊಳ್ಳಲು ಬಾಯಿ ಮುಚ್ಚುತ್ತದೆ, ಇಲ್ಲವೆ ಸುಡುತ್ತದೆ. ಪ್ರತಿ ಸ್ಪೀಕರಿಗೂ ಎರಡೆರಡು ಹೊಸ ವೈರು ಎಳೆಯುವುದೇ ಒಳ್ಳೆಯದು.

ಯಾವ ವೈರು ಯಾವುದು ಎಂದು ತಿಳಿಯಲು ಗಡಿಯಾರದ 1.5 ವೋಲ್ಟಿನ ಸೆಲ್ ಸಾಕು. ಸ್ಪೀಕರಿನ ಎರಡು ವೈರುಗಳಿಗೆ ಒಂದು ಕ್ಷಣ ಮುಟ್ಟಿಸಿ. ಟಪ್ ಎಂದು ಸದ್ದಾಗಿ ಕಾಗದದ ಕೋನು ಹೊರಗೆ ಬಂದರೆ ಸೆಲ್ಲಿನ ಪ್ಲಸ್ ತಗುಲಿದ್ದೇ ಸ್ಪೀಕರಿನ ಪ್ಲಸ್. ಒಳಗೆ ಹೋದರೆ ತಿರುವುಮುರುವು. ಎಡದ ಸ್ಪೀಕರ್ ಸರಿಯಿದ್ದು ಬಲದ್ದು ತಿರುವಾದರೆ ಒಂದು ಗಾಳಿಯನ್ನು ನೂಕುವಾಗ ಇನ್ನೊಂದು ಹೀರುತ್ತದೆ. ತಬಲಾದ ಎಡಗೈ ದನಿ ಮಾಯವಾಗುತ್ತದೆ, ಹಾಡುವವರು ಎದುರಿಗೆ ಕೂತಂತೆ ಕೇಳಿಸದೆ ಗಾಡಿಯ ತುಂಬ ಚದುರಿ ಹೋಗುತ್ತಾರೆ.

ಗಾಳಿಗೂ ಮರಳುವ ದಾರಿ ಇದೆ. ಸ್ಪೀಕರಿನ ಕೋನು ಮುಂದೆ ನುಗ್ಗಿದಾಗ ಮುಂದಿನ ಗಾಳಿ ಒತ್ತುತ್ತದೆ, ಹಿಂದಿನದು ತೆಳುವಾಗುತ್ತದೆ. ಸೆಕೆಂಡಿಗೆ 3000 ಕಂಪನದ ದನಿಯ ಅಲೆ ಒಂದು ಗೇಣಿಗಿಂತ ಚಿಕ್ಕದು, ಸುಮಾರು 11 ಸೆಂಟಿಮೀಟರ್. ಅದು ನೇರ ಮುಂದೆ ಹೋಗಿಬಿಡುತ್ತದೆ. ಆದರೆ 60 ಕಂಪನದ ಖರಜದ ಅಲೆ 5.7 ಮೀಟರ್ ಉದ್ದ, ಗಾಡಿಗಿಂತಲೂ ಉದ್ದ. ಕೋನಿನ ಅಂಚಿನಲ್ಲಿ ಸಂದಿ ಇದ್ದರೆ ಮುಂದಿನ ಒತ್ತಡ ಹಿಂದಿನ ಖಾಲಿಗೆ ಸುತ್ತಿ ಬಂದು ತುಂಬಿಬಿಡುತ್ತದೆ. ಕಿವಿಗೆ ಏನೂ ಉಳಿಯುವುದಿಲ್ಲ. ಹಳೆ ಕಾರುಗಳಲ್ಲಿ ಎಷ್ಟು ಒಳ್ಳೆಯ ಸ್ಪೀಕರ್ ಹಾಕಿದರೂ ದನಿ ತಗಡಿನ ಡಬ್ಬಿಯಂತಿರಲು ಇದೇ ಕಾರಣ. ನನ್ನ ಗಾಡಿಯಲ್ಲಿ ಹಿಂದಿನ ತೆಳು ಹಲಗೆಗೆ ಯಾರೋ ಕೊರೆದು ಅಂಡಾಕಾರದ ಸ್ಪೀಕರುಗಳನ್ನು ಕೂರಿಸಿದ್ದರು. ಹಲಗೆಯೇ ಬಡಿದುಕೊಳ್ಳುತ್ತಿತ್ತು.

ಸ್ಪೀಕರುಗಳನ್ನು ಮುಂದಿನ ಬಾಗಿಲುಗಳಿಗೆ ತಂದೆ. ಬಾಗಿಲಿನ ಪ್ಯಾಡ್ ಬಿಚ್ಚಿದರೆ ಒಳ ತಗಡಿನಲ್ಲಿ ಕೈ ತೂರುವಷ್ಟು ದೊಡ್ಡ ತೂತುಗಳು, ಗಾಜು ಏರಿಸುವ ಯಂತ್ರ ರಿಪೇರಿ ಮಾಡಲು ಬಿಟ್ಟವು. ಬ್ಯುಟೈಲ್ ರಬ್ಬರಿನ ಹಾಳೆ ಅಂಟಿಸಿ ಅವನ್ನು ಮುಚ್ಚಿದೆ. ಪ್ಲೈವುಡ್ಡಿನ ಬಳೆ ಕೊಯ್ದು ಸ್ಪೀಕರನ್ನು ಅದಕ್ಕೆ ಬಿಗಿದೆ, ಅಂಚಿಗೆ ಫೋಮಿನ ಪಟ್ಟಿ. ಹೊರ ತಗಡಿನ ಒಳಮೈಗೂ ಅದೇ ಹಾಳೆ ಹಚ್ಚಿದೆ. ಮೊದಲು ಬೆರಳಿನಿಂದ ತಟ್ಟಿದರೆ "ಡಣ್" ಎನ್ನುತ್ತಿದ್ದ ಬಾಗಿಲು ಆಮೇಲೆ "ಡಬ್" ಎಂದಿತು. ತೊಗಲಿನ ಮೇಲೆ ಭಾರ ಕೂಡಿಸಿದರೆ ಅದರ ದನಿ ಹೇಗೆ ಬದಲಾಗುತ್ತದೆ ಎಂಬುದನ್ನು ನಮ್ಮ ತಬಲಾ ಕಟ್ಟುವವರು ಕರಣೆ ಹಾಕುತ್ತ ಕಂಡುಕೊಂಡಿದ್ದರು. ಸಿ. ವಿ. ರಾಮನ್ ಅದರ ಭೌತವಿಜ್ಞಾನವನ್ನು 1920ರಲ್ಲೇ ಬರೆದರು. ಕರಣೆ ಚರ್ಮದ ದನಿಗಳನ್ನು ಒಂದಕ್ಕೊಂದು ಹೊಂದುವಂತೆ ತಿದ್ದುತ್ತದೆ. ಬಾಗಿಲಿನ ರಬ್ಬರು ತಗಡಿಗೆ ತನ್ನದೇ ದನಿ ಇಲ್ಲದಂತೆ ಮಾಡುತ್ತದೆ, ನಡುಕವನ್ನು ನುಂಗಿ ಬಿಸಿಯಾಗಿಸಿಬಿಡುತ್ತದೆ.

ಒಂದು ಎಚ್ಚರ, ನಮ್ಮ ಕಡೆಯವರಿಗೆ ವಿಶೇಷವಾಗಿ. ಗಾಜಿನ ಮೇಲೆ ಇಳಿದ ಮಳೆನೀರು ಬಾಗಿಲಿನೊಳಗೇ ಸುರಿದು ತಳದ ಸಣ್ಣ ತೂತುಗಳಿಂದ ಹೊರಬೀಳುತ್ತದೆ. ದನಿಗಾಗಿ ಎಲ್ಲವನ್ನೂ ಮುಚ್ಚುವ ಉತ್ಸಾಹದಲ್ಲಿ ಆ ತೂತುಗಳನ್ನು ಮುಚ್ಚಿದರೆ ಬಾಗಿಲು ಬಾವಿಯಾಗುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಗೆ ಜುಲೈ ತಿಂಗಳಲ್ಲಿ ಒಮ್ಮೆ ಹೋಗಿ ಬಂದರೆ ಗೊತ್ತಾಗುತ್ತದೆ. ವೈರುಗಳನ್ನು ತಿರುಚಿ ಟೇಪು ಸುತ್ತುವವರಿಗೂ ಇದೇ ಮಾತು. ಏಪ್ರಿಲ್ ಬಿಸಿಲಿಗೆ ಟೇಪಿನ ಗೋಂದು ಕರಗುತ್ತದೆ, ಜೂನಿನ ತೇವಕ್ಕೆ ತಾಮ್ರ ಹಸಿರಾಗುತ್ತದೆ. ಬೆಸುಗೆ ಹಾಕಿ, ಮೇಲೆ ಕುಗ್ಗುವ ತೋಳು ಏರಿಸಿ ಬಿಸಿ ಮಾಡಿದರೆ ಗಾಡಿಯಷ್ಟೇ ಕಾಲ ಬಾಳುತ್ತದೆ.

ರೇಡಿಯೊ ಬಗ್ಗೆಯೂ ಒಂದು ಮಾತು. 1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿಯನ್ನು ನಮ್ಮ ಮನೆಯವರೆಲ್ಲ ಮೀಡಿಯಂ ವೇವಿನ 765 ಕಿಲೋಹರ್ಟ್ಸ್‌ನಲ್ಲಿ ಕೇಳಿ ಬೆಳೆದರು. 765ನ್ನು 9ರಿಂದ ಭಾಗಿಸಿ ನೋಡಿ, ಸರಿಯಾಗಿ 85. ಭಾರತವೂ ಸೇರಿ ಏಷ್ಯಾ, ಯುರೋಪ್, ಆಫ್ರಿಕಾಗಳಲ್ಲಿ ಮೀಡಿಯಂ ವೇವ್ ಸ್ಟೇಷನ್ನುಗಳು 9 ಕಿಲೋಹರ್ಟ್ಸ್ ಹೆಜ್ಜೆಯಲ್ಲಿ ನಿಲ್ಲುತ್ತವೆ, ಅಮೆರಿಕದಲ್ಲಿ 10ರ ಹೆಜ್ಜೆಯಲ್ಲಿ. ಹೊರದೇಶದಿಂದ ಬಂದ ಡೆಕ್ಕನ್ನು ಅಮೆರಿಕದ ಹೆಜ್ಜೆಯಲ್ಲೇ ಬಿಟ್ಟರೆ ಅದು 760ಕ್ಕೆ ನಿಲ್ಲುತ್ತದೆ, 770ಕ್ಕೆ ಜಿಗಿಯುತ್ತದೆ, ಧಾರವಾಡವನ್ನು ದಾಟಿಯೇ ಹೋಗುತ್ತದೆ. ಮೆನುವಿನಲ್ಲಿ ಪ್ರದೇಶ ಬದಲಿಸಿದರೆ ಸರಿಹೋಗುತ್ತದೆ. ಜಪಾನಿನ ಹಳೆ ಡೆಕ್ಕುಗಳ ಎಫ್‌ಎಂ 76ರಿಂದ 90 ಮೆಗಾಹರ್ಟ್ಸ್‌ವರೆಗೆ ಮಾತ್ರ. ನಮ್ಮದು 88ರಿಂದ 108. ಅದಕ್ಕೆ ಯಾವ ಮೆನುವೂ ಇಲ್ಲ, ಕೊಳ್ಳುವ ಮೊದಲೇ ನೋಡಬೇಕು. ಜಾಂಬೋಟಿಯ ಗುಡ್ಡಗಳ ನಡುವೆ ಎಫ್‌ಎಂ ತಟ್ಟನೆ ಕಡಿದು ಹೋಗುತ್ತದೆ, ಮೂರು ಮೀಟರಿನ ಅದರ ಅಲೆಗೆ ಗುಡ್ಡ ದೊಡ್ಡ ಗೋಡೆ. 765ರ ಅಲೆ 392 ಮೀಟರ್ ಉದ್ದ, ನೆಲ ಹಿಡಿದುಕೊಂಡು ಗುಡ್ಡದ ಆಚೆಗೂ ಬಾಗಿ ಇಳಿಯುತ್ತದೆ.

ಕೆಲಸ ಮುಗಿಯಲು ನಾಲ್ಕು ಭಾನುವಾರ ಹಿಡಿಯಿತು. ಅಪ್ಪನ ಕ್ಯಾಸೆಟ್ಟುಗಳನ್ನು ಮನೆಯಲ್ಲಿ ಓಟ ಸರಿಮಾಡಿದ ಪ್ಲೇಯರಿನಿಂದ ಕಂಪ್ಯೂಟರಿಗೆ ಇಳಿಸಿ ಪೆನ್‌ಡ್ರೈವಿಗೆ ಹಾಕಿದೆ. ಇಳಿಸುವಾಗ ಅತ್ತಿ ಪಕ್ಕದಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ಕೂತಿದ್ದಳು. ಪ್ರತಿ ಕ್ಯಾಸೆಟ್ಟಿನ ಮೊದಲ ಷಡ್ಜ ಬಂದಾಗ ಒಂದು ಮನೆ ಒತ್ತುತ್ತಿದ್ದಳು, ನಾನು ಪ್ಲೇಯರಿನೊಳಗಿನ ಸಣ್ಣ ಸ್ಕ್ರೂ ತಿರುವುತ್ತಿದ್ದೆ.

ಐದನೆಯ ಭಾನುವಾರ ಮತ್ತೆ ಖಾನಾಪುರ ರಸ್ತೆ. ಈ ಸಲ ಅವಳನ್ನು ಮುಂದೆ ಕೂರಿಸಿದೆ. ಓಡುವ ಹಳೆ ಗಾಡಿಯಲ್ಲಿ ಟೈರು, ಗಾಳಿ, ಎಂಜಿನ್ನಿನ ಗದ್ದಲ ಹೆಚ್ಚಾಗಿ ಕೆಳಗಿನ ಸ್ವರಗಳಲ್ಲೇ ಇರುತ್ತದೆ, ತಂಬೂರಿಯ ಖರಜದ ತಂತಿಯನ್ನು ಅದು ಮೊದಲು ನುಂಗುತ್ತದೆ. ಖಾನಾಪುರದ ಹೊಳೆ ಹತ್ತಿರ ಬಂದಾಗ ಮಳೆ ಜೋರಾಯಿತು. ರಸ್ತೆಯ ಬದಿಗೆ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದೆ. ತಗಡಿನ ಮೇಲೆ ಮಳೆ, ಒಳಗೆ ಆಲಾಪ. ಅತ್ತಿ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ಎಡಗಡೆ ಬಾಗಿಲಿನ ಮೇಲೆ ಕೈಯಿಟ್ಟು ಕೇಳಿದಳು: "ಖರಜ ಕೈಗೇ ತಾಗತೈತಲ್ಲೋ. ಇಷ್ಟು ದಿನ ಎಲ್ಲಿ ಹೋಗಿತ್ತಿದು?"